ಅಕ್ಕನ ಮಾತಿನ ಪೆಟ್ಟಿಗೆ

ಮಾರ್ಚ್ ೩, ಸೋಮವಾರ

ಆಫೀಸಿನ ದೋಷಗಳ ಪಟ್ಟಿಯಲ್ಲಿ ಇವತ್ತು ಒಂದು ಸಾಲು ಬರೆದೆ: "ಹೊಸ ಬೋರ್ಡು ಹಸೀ ಸುಳ್ಳು ಹೇಳುತ್ತಿದೆ." ಕಾಫಿ ಮುಗಿಯುವುದರೊಳಗೆ ಮ್ಯಾನೇಜರು ಕರೆಸಿದರು. "ಇಲ್ಲಿ ನಡೆದದ್ದನ್ನ ಮಾತ್ರ ಬರೀರಿ ಮೇಡಂ. ಕೋಪ ಮನೇಲಿಟ್ಟು ಬನ್ನಿ" ಎಂದರು. "ಸರಿ ಸರ್" ಎಂದೆ. ಸಾಲನ್ನು ಅಳಿಸಿದೆ. ಬರುವಾಗ ದಾರಿಯಲ್ಲಿ ಈ ದಿನಚರಿ ಕೊಂಡೆ. ಕೋಪ ಮನೆಯಲ್ಲಿಡಬೇಕಂತಲ್ಲ, ಇಗೋ, ಇಲ್ಲಿಡುತ್ತೇನೆ.

ಸುಳ್ಳು ಹೇಳಿದ್ದು ಬೋರ್ಡೇ. ನಮ್ಮ ಕಂಪನಿ ಮಾಡುವುದು ಮಾತಿನ ಪೆಟ್ಟಿಗೆ. ದನಿ ಕಳೆದುಕೊಂಡವರು ಕೀಲಿ ಒತ್ತಿದರೆ ಅವರ ಪರವಾಗಿ ಅದು ಮಾತಾಡುತ್ತದೆ. ಹಳೇ ಪೆಟ್ಟಿಗೆಗೆ ಹಾಕುತ್ತಿದ್ದ ಕಂಪ್ಯೂಟರ್ ಚಿಪ್ ಈಗ ಎಲ್ಲೂ ಸಿಗುವುದಿಲ್ಲ, ಅದಕ್ಕೇ ಹೊಸ ಬೋರ್ಡು ತರಿಸಿದ್ದಾರೆ. ಬೋರ್ಡೆಂದರೆ ಅಂಗೈಯಗಲದ ಕಂಪ್ಯೂಟರು. ಅಷ್ಟು ಪುಟ್ಟದರಲ್ಲಿ ಪ್ರೋಗ್ರಾಂ ಕಟ್ಟಲು ಆಗುವುದಿಲ್ಲ. ನನ್ನ ಮೇಜಿನ ದೊಡ್ಡ ಕಂಪ್ಯೂಟರಿನಲ್ಲಿ ಕಟ್ಟಿ, ಇದಕ್ಕೆ ಅರ್ಥವಾಗುವ ಭಾಷೆಗೆ ಇಳಿಸಿ, ಇದರೊಳಗೆ ತುಂಬಬೇಕು. ತುಂಬಿದೆ. ಓಡು ಎಂದೆ. "ಅಂಥ ಫೈಲ್ ಇಲ್ಲ" ಎಂದಿತು. ನಿನ್ನಲ್ಲಿ ಏನೇನಿದೆ ತೋರಿಸು ಎಂದೆ. ತೋರಿಸಿತು, ಮೊದಲ ಹೆಸರೇ ನನ್ನ ಫೈಲಿನದು! ಮತ್ತೆ ಓಡು ಎಂದೆ. ಇಲ್ಲ ಎಂದಿತು. ಜಗಲಿಯ ಮೇಲೆ ಕೂತವರನ್ನೇ ತೋರಿಸಿ ಅವರು ಮನೆಯಲ್ಲಿಲ್ಲ ಎಂದ ಹಾಗೆ.

ಮ್ಯಾನೇಜರಿಗೆ ಹೇಳಬೇಕಿತ್ತು: ನಡೆದದ್ದನ್ನೇ ಬರೆದಿದ್ದೇನೆ ಸರ್, ಬೇಕಾದರೆ ಬಂದು ನೋಡಿ ಎಂದು. ಹೇಳಲಿಲ್ಲ.

ಮಾರ್ಚ್ ೪, ಮಂಗಳವಾರ

ಅಕ್ಕ ಬಿಳಿ ಹಲಗೆಯ ಮೇಲೆ ಬರೆದು ನನ್ನ ಮುಖಕ್ಕೆ ಹಿಡಿದಳು: "ಎಲ್ಲಿ ನನ್ನ ಪೆಟ್ಟಿಗೆ?"

ಅಕ್ಕ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವವಳು. ಅವಳು ಒಂದು ಸಲ ಕೂಗಿದರೆ ಆಚೆ ಬೀದಿಯ ಬಸ್ ನಿಲ್ದಾಣದಲ್ಲಿ ನಿಂತವರಿಗೂ ಬಂಗುಡೆಯ ಬೆಲೆ ತಿಳಿಯುತ್ತಿತ್ತು. ಗಂಟಲಲ್ಲಿ ಗಡ್ಡೆಯಾಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಅವಳು ಉಸಿರಾಡುವುದು ಕತ್ತಿನ ರಂಧ್ರದಿಂದ. ಅದರ ಮೇಲೊಂದು ತೆಳು ಬಟ್ಟೆ. ಇನ್ನು ಮನೆಯಲ್ಲಿರು ಎಂದು ನೆಂಟರೆಲ್ಲ ಬುದ್ಧಿ ಹೇಳಿದರು. ಅವಳು ನಮ್ಮ ಕಂಪನಿಯ ಪೆಟ್ಟಿಗೆಯನ್ನು ಕೊರಳಿಗೆ ನೇತುಹಾಕಿಕೊಂಡು ಮತ್ತೆ ಹರಾಜು ಕಟ್ಟೆ ಹತ್ತಿದಳು. ಕಳೆದ ವಾರ ಐಸು ತುಂಬಿದ ಕ್ರೇಟು ಬಿದ್ದು ಆ ಪೆಟ್ಟಿಗೆ ಅಪ್ಪಚ್ಚಿಯಾಯಿತು. ರಿಪೇರಿಗೆ ಹಳೇ ಬೋರ್ಡಿಲ್ಲ.

ಫೋನಿನಲ್ಲಿ ಟೈಪ್ ಮಾಡು, ಅದೂ ಓದುತ್ತದೆ ಎಂದು ಕೊಟ್ಟೆ. ಮಾರುಕಟ್ಟೆಗೆ ಒಯ್ದು ಅದೇ ದಿನ ವಾಪಸ್ ತಂದಳು. ಒದ್ದೆ ಬೆರಳು ಅದಕ್ಕೆ ಗೊತ್ತಾಗುವುದಿಲ್ಲ. ಆ ಗಲಾಟೆಯಲ್ಲಿ ಅದರ ದನಿ ಪಕ್ಕದವರಿಗೂ ಕೇಳುವುದಿಲ್ಲ. ಪೆಟ್ಟಿಗೆಯಾದರೆ ದಪ್ಪ ಕೀಲಿ, ದೊಡ್ಡ ಸ್ಪೀಕರು. ಕೈಗವಸು ಹಾಕಿಕೊಂಡು ನೋಡದೆಯೇ ಒತ್ತುತ್ತಿದ್ದಳು.

ಈಗ ಅವಸರವೂ ಇದೆ. ನಗರಸಭೆಯವರು ಮೀನು ಮಾರುಕಟ್ಟೆಯನ್ನು ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸುತ್ತಾರಂತೆ. ಇದೇ ಇಪ್ಪತ್ತೈದಕ್ಕೆ ಅಹವಾಲು ಸಭೆ. ಮಾರುವ ಹೆಂಗಸರೆಲ್ಲ ಸೇರಿ ನಮ್ಮ ಪರವಾಗಿ ನೀನೇ ಮಾತಾಡಬೇಕು ಎಂದು ಅಕ್ಕನನ್ನು ಆರಿಸಿದ್ದಾರೆ. ಸಭೆ ನಡೆಸುವ ಸಮಿತಿಯ ಅಧ್ಯಕ್ಷರು ಬರೆದು ಕೊಡಿ, ಗುಮಾಸ್ತರು ಓದುತ್ತಾರೆ ಎಂದರಂತೆ. ಅಕ್ಕ ಹಲಗೆಯಲ್ಲಿ ಬರೆದದ್ದು: "ಗುಮಾಸ್ತ ಓದಿದ್ರೆ ಅದು ಗುಮಾಸ್ತನ ಮಾತು."

ಮಾರ್ಚ್ ೬, ಗುರುವಾರ

ಸಿಕ್ಕಿತು!

ಯಾವ ಪ್ರೋಗ್ರಾಮೂ ತಾನಾಗಿ ಏಳುವುದಿಲ್ಲ. ಅದನ್ನು ಎಬ್ಬಿಸಿ, ಅದಕ್ಕೆ ಬೇಕಾದ ಲೈಬ್ರರಿಗಳನ್ನು, ಅಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳನ್ನು, ಜೋಡಿಸಿ ಓಡಿಸಲು ಲೋಡರ್ ಎಂಬ ಇನ್ನೊಂದು ಪುಟ್ಟ ಪ್ರೋಗ್ರಾಂ ಬೇಕು. ಆ ಲೋಡರ್ ಎಲ್ಲಿ ಸಿಗುತ್ತದೆಂಬ ವಿಳಾಸವನ್ನು ಪ್ರತಿ ಪ್ರೋಗ್ರಾಮೂ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತದೆ. ನನ್ನದು ಇಟ್ಟುಕೊಂಡಿದ್ದ ವಿಳಾಸದಲ್ಲಿ ಈ ಬೋರ್ಡಿನಲ್ಲಿ ಯಾರೂ ಇಲ್ಲ. ಇಲ್ಲ ಇಲ್ಲ ಎಂದು ಅದು ಬಡಕೊಂಡದ್ದು ನನ್ನ ಫೈಲಿನ ಬಗ್ಗೆ ಅಲ್ಲ, ಲೋಡರಿನ ಬಗ್ಗೆ. ಯಾವುದು ಇಲ್ಲ ಎಂದು ಬಾಯಿಬಿಟ್ಟು ಹೇಳಲು ಅದಕ್ಕೇನು ದಾಡಿ?

ಹೇಳಲು ಓಡಿದೆ. ಮ್ಯಾನೇಜರು ಅರ್ಧ ಕೇಳಿ ಕೈಯೆತ್ತಿದರು. "ತಿಂಗಳ ಕೊನೆವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಈ ಪೆಟ್ಟಿಗೆ ಕತೆ ಮುಗೀತು. ಪಾರ್ಕಿಂಗ್ ಮೀಟರಿನ ಆರ್ಡರ್ ಬಂದಿದೆ, ನಂಗೆ ಜನ ಬೇಕು. ಬೋರ್ಡು ಕೆಲಸಕ್ಕೆ ಬರಲ್ಲ ಅಂತ ನೀವೊಂದು ವರದಿ ಬರೆದುಕೊಟ್ಟರೆ ನನಗೂ ಸುಲಭ, ನಿಮಗೂ ಸುಲಭ."

"ನೋಡ್ತೀನಿ ಸರ್" ಎಂದೆ.

ನೋಡುವುದೇನು ಮಣ್ಣು! ಬೋರ್ಡಿನ ತಪ್ಪೇ ಅಲ್ಲದ ಮೇಲೆ ಬೋರ್ಡಿನ ತಪ್ಪೆಂದು ಹೇಗೆ ಬರೆಯಲಿ? ಹೀಗೆಂದು ಅವರ ಮುಖಕ್ಕೆ ಹೇಳಬೇಕಿತ್ತು. ಮೆಟ್ಟಿಲು ಇಳಿಯುವಾಗ ಇನ್ನೂ ಮೂರು ಒಳ್ಳೊಳ್ಳೆಯ ಮಾತು ಹೊಳೆದವು. ಮೆಟ್ಟಿಲಿಗೆ ಹೇಳಿ ಬಂದೆ.

ಮಾರ್ಚ್ ೭, ಶುಕ್ರವಾರ

ಲೋಡರು ಸರಿಹೋಯಿತು. ಈಗ ಹೊಸ ರಾಗ: "ಈ ಲೈಬ್ರರಿಯ ಇದಕ್ಕಿಂತ ಹೊಸ ಆವೃತ್ತಿ ಬೇಕು." ನನ್ನ ಕಂಪ್ಯೂಟರಿನಲ್ಲಿರುವುದು ಈ ವರ್ಷದ್ದು, ಬೋರ್ಡಿನಲ್ಲಿರುವುದು ಯಾವ ಕಾಲದ್ದೋ. ಪ್ರೋಗ್ರಾಂ ನನ್ನಲ್ಲಿರುವುದನ್ನು ನೋಡಿ ಕಟ್ಟಿಕೊಂಡು, ಅಲ್ಲಿ ಹೋಗಿ ಅದೇ ಬೇಕು ಎಂದು ಹಟ ಹಿಡಿದಿದೆ.

ಮಧ್ಯಾಹ್ನ ಗ್ರಾಹಕರ ಫೋನು ನನ್ನ ಮೇಜಿಗೇ ಬಂತು. ಒಬ್ಬ ನಿವೃತ್ತ ಮೇಷ್ಟರ ಹೆಂಡತಿ. ಮೇಷ್ಟರಿಗೆ ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದುಹೋಗಿದೆ. ಅವರ ಪೆಟ್ಟಿಗೆಯೂ ಕೆಟ್ಟಿದೆ. "ನಲವತ್ತು ವರ್ಷ ಮಾತಾಡಿ ಮಾತಾಡಿ ನನ್ನ ತಲೆ ತಿಂದವರು. ಈಗ ಗೋಡೆ ನೋಡ್ತಾ ಕೂತ್ಕೊಳ್ತಾರೆ. ಯಾವಾಗ ಸಿಗುತ್ತಮ್ಮ?" ಎಂದರು. ಇನ್ನು ಮೇಲೆ ಆ ಸಾಮಾನು ಸಿಗುವುದಿಲ್ಲ ಎಂದು ಹೇಳಬೇಕೆಂಬುದು ಮ್ಯಾನೇಜರ ಅಪ್ಪಣೆ. ನಾನು "ವಿಚಾರಿಸಿ ತಿಳಿಸ್ತೀವಿ" ಎಂದೆ. ಯಾರನ್ನು ವಿಚಾರಿಸುವುದು? ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಾರ್ಚ್ ೧೦, ಸೋಮವಾರ

ಬೋರ್ಡಿನೊಳಗಿರುವ ಲೈಬ್ರರಿಗಳನ್ನೆಲ್ಲ ಬಳಿದು ತಂದು ನನ್ನ ಕಂಪ್ಯೂಟರಿನಲ್ಲಿ ಒಂದು ಮೂಲೆಗೆ ಇಟ್ಟೆ. ಇನ್ನು ಇವನ್ನೇ ನೋಡಿ ಕಟ್ಟು, ನಮ್ಮನೆಯದನ್ನು ಮುಟ್ಟಬೇಡ ಎಂದು ತಾಕೀತು ಮಾಡಿ ಮತ್ತೆ ಕಟ್ಟಿಸಿದೆ.

ಎದ್ದಿತು! ಪರದೆ ಬೆಳಗಿತು, ಅಕ್ಷರ ಮೂಡಿದವು. "ನಮಸ್ಕಾರ" ಎಂದು ಟೈಪ್ ಮಾಡಿ ಮಾತಾಡಿಸುವ ಕೀಲಿ ಒತ್ತಿದೆ. ಪಟ್ಟನೆ ಸತ್ತಿತು. "ಅಕ್ರಮ ಆಜ್ಞೆ" ಎಂದು ಒಂದು ಸಾಲು ಕಾರಿಕೊಂಡಿತು, ಅಷ್ಟೆ. ಮತ್ತೆ ಎಬ್ಬಿಸಿದೆ, ಮತ್ತೆ ಸತ್ತಿತು. ಏನೆಲ್ಲ ಮಾಡುತ್ತದೆ ಮಹಾರಾಯ್ತಿ, ಮಾತೊಂದು ಬಿಟ್ಟು.

ಸಾಯಿ ಬೇಕಾದಷ್ಟು ಸಲ. ನಾನು ಎಬ್ಬಿಸುವುದನ್ನು ಬಿಡುವವಳಲ್ಲ.

ಮಾರ್ಚ್ ೧೧, ಮಂಗಳವಾರ

ಮೇಜಿನ ಮೇಲಿದ್ದ ಬೋರ್ಡನ್ನು ಬದಿಗಿಟ್ಟು ಉಗ್ರಾಣದಿಂದ ಇನ್ನೊಂದನ್ನು ತಂದೆ. ಅದೇ ಪ್ರೋಗ್ರಾಂ ತುಂಬಿದೆ. "ನಮಸ್ಕಾರ" ಎಂದಿತು! ಇಡೀ ಆಫೀಸು ತಿರುಗಿ ನೋಡಿತು. ಮೂರನೆಯದು ಸತ್ತಿತು. ನಾಲ್ಕನೆಯದು ಮಾತಾಡಿತು.

ಎಲ್ಲದರ ಮೇಲೂ ಒಂದೇ ಹೆಸರು, ಒಂದೇ ಲೇಬಲ್ಲು. ಲೇಬಲ್ಲನ್ನು ಉಗುರಿನಿಂದ ಕಿತ್ತು, ಕೆಳಗಿದ್ದ ಚಿಪ್ಪನ್ನು ಭೂತಗನ್ನಡಿಯಲ್ಲಿ ನೋಡಿದೆ. ಮಾತಾಡಿದವುಗಳ ಚಿಪ್ಪಿನ ಮೇಲಿನ ಸಂಖ್ಯೆಯೇ ಬೇರೆ, ಸತ್ತವುಗಳದ್ದೇ ಬೇರೆ. ಎರಡು ಜಾತಿ ಬೆರೆತಿವೆ. ಒಂದು ಜಾತಿಗೆ ಒಂದೇ ಏಟಿಗೆ ಹಲವು ಲೆಕ್ಕ ಮಾಡುವ ವಿಶೇಷ ಆಜ್ಞೆಗಳು ಗೊತ್ತು, ಇನ್ನೊಂದಕ್ಕೆ ಗೊತ್ತಿಲ್ಲ. ನನ್ನ ಮಾತಿನ ಭಾಗ ಆ ಆಜ್ಞೆಗಳ ಮೇಲೇ ನಿಂತಿದೆ. ಗೊತ್ತಿಲ್ಲದ ಬೋರ್ಡು ಅದನ್ನು ಕೇಳಿದ ಕೂಡಲೇ ಕೈಚೆಲ್ಲುತ್ತದೆ.

ಮಾರ್ಚ್ ೧೨, ಬುಧವಾರ

ಬೋರ್ಡು ಕೊಂಡವರು ಕನ್ನಡಕದವರು. ಖರೀದಿ ವಿಭಾಗದವರು, ಎರಡು ಕನ್ನಡಕಗಳನ್ನು ಸದಾ ಹಣೆಯ ಮೇಲಿಟ್ಟುಕೊಂಡು ಮೂರನೆಯದನ್ನು ಹುಡುಕುತ್ತಿರುತ್ತಾರೆ. ಎರಡು ಬಗೆಯ ಬೋರ್ಡು ಅವರ ಮೇಜಿನ ಮೇಲಿಟ್ಟೆ.

"ಇದೇನು?"

ನೋಡಿದರು. ಬಾಗಿಲ ಕಡೆ ಒಮ್ಮೆ ನೋಡಿದರು. "ಒಂದೇ ಬಗೆಯದು ಬೇಕು ಅಂದ್ರೆ ತಡ ಆಗುತ್ತೆ ಅಂದ್ರು ಮೇಡಂ, ಬೋರ್ಡು ಮಾರುವವರು. ಬೆರಕೆ ಆದ್ರೂ ಪರವಾಗಿಲ್ಲ, ತಗೊಳ್ಳಿ ಅಂತ ಮ್ಯಾನೇಜರ್ ಸಾಹೇಬರೇ ಹೇಳಿದ್ರು. ನನ್ನ ಹೆಸರು ಎಲ್ಲೂ ತರಬೇಡಿ."

"ನಿಮ್ಮ ಹೆಸರು ಯಾಕೆ ತರಲಿ? ಆದರೆ ಉಗ್ರಾಣದಲ್ಲಿರೋದನ್ನೆಲ್ಲ ನೋಡಿ ಬೇರೆ ಬೇರೆ ಮಾಡಿಕೊಡಿ. ನಾಳೆಯೊಳಗೆ ಬೇಕು."

ಕೊಡುತ್ತೇನೆ ಎಂದರು. ಪಾಪ, ಹೆದರಿದ ಹಾಗಿತ್ತು.

ಮಾರ್ಚ್ ೧೩, ಗುರುವಾರ

ಮಾತಾಡುವ ಜಾತಿಯವು ಬೆರಳಲ್ಲಿ ಎಣಿಸುವಷ್ಟು. ಉಳಿದ ರಾಶಿಯೆಲ್ಲ ಮೂಕ. ಕಾದಿರುವವರು ಇನ್ನೂರಕ್ಕೂ ಹೆಚ್ಚು ಮಂದಿ.

ಒಳ್ಳೆಯದೊಂದನ್ನು ಅಕ್ಕನಿಗೆ ಎತ್ತಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಮೇಷ್ಟರ ಹೆಂಡತಿಯ ದನಿ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಆಗದು. ಮೂಕ ಬೋರ್ಡನ್ನೇ ಮಾತಾಡಿಸುತ್ತೇನೆ, ಅಕ್ಕನಿಗೂ ಅದನ್ನೇ ಕೊಡುತ್ತೇನೆ.

ಮಾರ್ಚ್ ೧೫, ಶನಿವಾರ

ರಜೆ. ಅಡುಗೆಮನೆಯ ಮೇಜಿನ ಮೇಲೆ ಬೋರ್ಡು, ಸ್ಪೀಕರು, ವೈರು. ಅಕ್ಕ ಎದುರಿಗೆ ಕುಳಿತು ಈರುಳ್ಳಿ ಹೆಚ್ಚುತ್ತಾ ನನ್ನನ್ನೇ ನೋಡುತ್ತಿದ್ದಳು.

ವಿಶೇಷ ಆಜ್ಞೆಗಳನ್ನು ಬಳಸಲೇಬೇಡ ಎಂದು ಹೇಳಿ ಮತ್ತೆ ಕಟ್ಟಿಸಿದೆ. ಮೂಕ ಬೋರ್ಡು ಬಾಯಿ ಬಿಟ್ಟಿತು. ಆದರೆ ಆ ಆಜ್ಞೆಗಳಿಲ್ಲದೆ ಒಂದೊಂದೇ ಲೆಕ್ಕ ಮಾಡಬೇಕಲ್ಲ. ಕೀಲಿ ಒತ್ತಿ ಕಾದೆವು. ಅಕ್ಕ ಒಂದು ಈರುಳ್ಳಿ ಹೆಚ್ಚಿ ಮುಗಿಸಿದಳು. ಆಮೇಲೆ ಬಂತು ನೋಡಿ, ಜೇನು ಸುರಿದ ಹಾಗೆ, "ನಮಸ್ಕಾರ." ನಾನು ಎದ್ದು ಕುಣಿಯುವುದೊಂದು ಬಾಕಿ.

ಅಕ್ಕ ಕೈ ಒರೆಸಿಕೊಂಡು ಬರೆದಳು: "ಯಾರಿವಳು, ರೇಡಿಯೋದವಳಾ? ಇವಳು ಬಾಯಿ ತೆಗೆಯೋಷ್ಟರಲ್ಲಿ ಮೀನು ಕೊಳೆತು ಹೋಗುತ್ತೆ."

ಹಳೇ ಪೆಟ್ಟಿಗೆಯಲ್ಲಿದ್ದ ದನಿಯೇ ಬೇಕಂತೆ. ಅದು ಒರಟು ದನಿ, ಡಬ್ಬದೊಳಗಿಂದ ಗಂಡಸೊಬ್ಬ ಕೆಮ್ಮಿದ ಹಾಗಿರುತ್ತದೆ. ಮೊದಲೇ ಧ್ವನಿಮುದ್ರಿಸಿದ ತುಣುಕುಗಳನ್ನು ಜೋಡಿಸಿ ಹೊರಗೆಸೆಯುತ್ತದೆ. ದೊಡ್ಡ ಲೆಕ್ಕವೇನೂ ಬೇಡ. ಒತ್ತಿದ ತಕ್ಷಣ ಬರುತ್ತದೆ. ಅದನ್ನು ಕಿತ್ತುಹಾಕಿ ಹೊಸ ಕಂಠ ಕೂರಿಸಲು ನಾನು ಎರಡು ವರ್ಷ ತಿದ್ದಿ ತೀಡಿದ್ದೇನೆ. ಕೇಳಿದವರು ಮನುಷ್ಯರೇ ಮಾತಾಡಿದ ಹಾಗಿದೆ ಅನ್ನುತ್ತಾರೆ.

"ಇಷ್ಟು ಚೆನ್ನಾಗಿರೋದನ್ನ ಬಿಟ್ಟು ಆ ಡಬ್ಬ ಬೇಕಾ ನಿನಗೆ? ಸಭೇಲಿ ಎಲ್ಲರೂ ನಗ್ತಾರೆ" ಎಂದೆ.

"ನಗ್ಲಿ. ನಗ್ಬೇಕಾದ್ರೆ ಮೊದಲು ಕೇಳಿಸ್ಬೇಕು ತಾನೆ."

"ನಿನಗೆ ನನ್ನ ಕೆಲಸದ ಬೆಲೆ ಗೊತ್ತಿಲ್ಲ."

ಅವಳು ಅಷ್ಟನ್ನೂ ಒರೆಸಿ ಹೊಸದಾಗಿ ಬರೆದಳು. "ನಿನ್ನ ಕಂಠ ಚೆನ್ನಾಗಿದೆ ಕಣೇ. ಆದ್ರೆ ಅದು ನಿಂದು. ನಂಗೆ ಕೋಗಿಲೆ ಬೇಡ. ಸಮಯಕ್ಕೆ ಬಾಯಿ ಬೇಕು."

ಬೋರ್ಡು ಎತ್ತಿಕೊಂಡು ಕೋಣೆಗೆ ಬಂದೆ. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ.

ಮಾರ್ಚ್ ೧೬, ಭಾನುವಾರ

ಅವಳು ಬರೆಯಲಿಲ್ಲ. ನಾನು ಮಾತಾಡಲಿಲ್ಲ. ಈರುಳ್ಳಿ ಸಾರು ಮಾತ್ರ ಚೆನ್ನಾಗಿತ್ತು.

ಮಾರ್ಚ್ ೧೭, ಸೋಮವಾರ

ಊಟದ ಹೊತ್ತಿನಲ್ಲಿ ಮೇಷ್ಟರ ಮನೆಗೆ ನಾನೇ ಫೋನು ಮಾಡಿದೆ. ಅವರ ಹೆಂಡತಿಯನ್ನು ಕೇಳಿದೆ: ಚೆಂದದ ದನಿ ನಿಧಾನವಾಗಿ ಬೇಕೋ, ಒರಟು ದನಿ ಬೇಗ ಬೇಕೋ?

"ನಾನು ಬಯ್ದಾಗ ಅವರು ತಿರುಗಿ ಬಯ್ಯಬೇಕಮ್ಮ. ನಾನೆದ್ದು ಅಡುಗೆಮನೆಗೆ ಹೋದಮೇಲೆ ಬಯ್ದರೆ ಏನು ಸುಖ?" ಎಂದರು.

"ಬೇಗ ಬರುತ್ತೆ ಅಮ್ಮ. ಮೊದಲನೇದೇ ನಿಮಗೆ ಕಳಿಸ್ತೀನಿ" ಎಂದೆ.

ನನ್ನ ಕಂಠವನ್ನು ಪ್ರೋಗ್ರಾಮಿನಿಂದ ತೆಗೆದೆ. ಹಳೆಯದನ್ನು ಕೂರಿಸಿ, ಮೂಕ ಬೋರ್ಡಿಗೆ ಒಪ್ಪುವಂತೆ ಕಟ್ಟಿಸಿದೆ. ಕೀಲಿಯಿಂದ ಬೆರಳು ಎತ್ತುವ ಮೊದಲೇ ಡಬ್ಬದ ಗಂಡಸು "ನಮಸ್ಕಾರ" ಎಂದು ಗದರಿದ. ಹತ್ತಿರದಲ್ಲಿದ್ದ ಕನ್ನಡಕದವರು ಬೆಚ್ಚಿ ತಿರುಗಿ ನಮಸ್ಕಾರ ಎಂದರು.

ಮಾರ್ಚ್ ೧೯, ಬುಧವಾರ

ಮ್ಯಾನೇಜರು ವರದಿಯನ್ನು ತಾವೇ ಬರೆಸಿ ತಂದಿದ್ದರು. ಹೊಸ ಬೋರ್ಡಿನ ಮೇಲೆ ಪ್ರೋಗ್ರಾಂ ಓಡುವುದಿಲ್ಲ, ಯೋಜನೆ ನಿಲ್ಲಿಸಬಹುದು ಎಂದಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಓಡ್ತಿದೆ ಸರ್. ಎರಡೂ ಬಗೆಯ ಬೋರ್ಡಿನ ಮೇಲೂ ಓಡ್ತಿದೆ."

"ಆ ಹಳೇ ದನೀಲಿ ತಾನೆ? ಅದನ್ನ ಯಾರು ಕೊಳ್ತಾರೆ ಮೇಡಂ?"

"ಕೊಂಡಾಗಿದೆ. ಕೊಂಡವರು ರಿಪೇರಿಗೆ ಕಾಯ್ತಿದಾರೆ."

"ಸಹಿ ಹಾಕಿ. ಸೋಮವಾರದಿಂದ ಮೀಟರಿನ ಟೀಮಿಗೆ ಬನ್ನಿ. ಒಳ್ಳೇ ಕೆಲಸ."

"ಮೀಟರಿನ ಕೆಲಸಕ್ಕೆ ಬರ್ತೀನಿ. ಇದಕ್ಕೆ ಸಹಿ ಹಾಕಲ್ಲ. ಇದು ಸುಳ್ಳು."

"ಏನಂದ್ರಿ?"

"ಸುಳ್ಳು ಅಂದೆ ಸರ್."

ಕಾಗದ ಎತ್ತಿಕೊಂಡು ಹೋದರು. ಅವರ ಕಿವಿ ಕೆಂಪಾಗಿತ್ತು. ಬೋರ್ಡುಗಳನ್ನೆಲ್ಲ ಉಗ್ರಾಣಕ್ಕೆ ಒಪ್ಪಿಸಬೇಕೆಂದು ಸಂಜೆ ಅಪ್ಪಣೆ ಬಂತು.

ಮಾರ್ಚ್ ೨೦, ಗುರುವಾರ

ಮೂಕ ಬೋರ್ಡು ಕೂರಿಸಿದ ಒಂದು ಪೆಟ್ಟಿಗೆಯನ್ನು ಬಳಕೆದಾರರ ಬಳಿ ಪರೀಕ್ಷೆಗೆ ಒಯ್ಯುತ್ತೇನೆ ಎಂದು ಗೇಟ್ ಪಾಸಿನಲ್ಲಿ ಬರೆದೆ. ಬಳಕೆದಾರರು ನನ್ನ ಅಕ್ಕ ಎಂದೂ ಬರೆದೆ. ಮ್ಯಾನೇಜರು ಇರಲಿಲ್ಲ. ಕನ್ನಡಕದವರು ಹಣೆಯಿಂದ ಒಂದು ಕನ್ನಡಕ ಇಳಿಸಿ, ಪಾಸನ್ನು ಎರಡು ಸಲ ಓದಿ, ಸಹಿ ಹಾಕಿದರು.

"ನಿಮ್ಮ ಹೆಸರು ಬರುತ್ತಲ್ಲ?" ಎಂದೆ.

"ಬರ್ಲಿ ಬಿಡಿ" ಎಂದರು.

ಮಾರ್ಚ್ ೨೨, ಶನಿವಾರ

ಅಕ್ಕ ಪೆಟ್ಟಿಗೆಗೆ ತನ್ನ ಮಾತುಗಳನ್ನು ತುಂಬಿಸುತ್ತಿದ್ದಾಳೆ. ಪ್ರತಿ ಕೀಲಿಗೂ ಒಂದು ವಾಕ್ಯ. ಬೈಗುಳಗಳಿಗೇ ಒಂದು ಸಾಲು ಕೀಲಿ ಬೇಕಂತೆ. ಕೊಟ್ಟೆ. ಕೆಳಗಿನ ಮನೆಯವರು ಮೇಲೆ ಬಂದು "ಯಾರೋ ಗಂಡಸು ಜಗಳ ಆಡ್ತಿರೋ ಹಾಗಿತ್ತು, ಎಲ್ಲ ಸರಿ ತಾನೆ?" ಎಂದು ವಿಚಾರಿಸಿದರು. ಅಕ್ಕ ಒತ್ತಿದಳು: "ಹೋಗಿ ಬನ್ನಿ." ಅವರು ಬಂದ ದಾರಿಯಲ್ಲೇ ಇಳಿದುಹೋದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಅಕ್ಕ ನಕ್ಕರೆ ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತದೆ.

ಮಾರ್ಚ್ ೨೫, ಮಂಗಳವಾರ

ಎಲ್ಲ ಬರೆದಿಡಬೇಕು.

ನಗರಸಭೆಯ ಸಭಾಂಗಣ. ಎತ್ತರದ ವೇದಿಕೆ, ಉದ್ದ ಮೇಜು, ಅದರ ಹಿಂದೆ ಸಮಿತಿಯ ಐವರು. ಮೀನು ಮಾರುವ ಹೆಂಗಸರು ಹಿಂದಿನ ಬೆಂಚುಗಳಲ್ಲಿ ಒತ್ತಾಗಿ ಕೂತಿದ್ದರು. ಎಲ್ಲರೂ ಮಾರುಕಟ್ಟೆ ಮುಗಿಸಿ ನೇರ ಬಂದವರು. ಮುಂದಿನ ಸಾಲಿನವರು ಮೂಗಿಗೆ ಕರವಸ್ತ್ರ ಹಿಡಿದಿದ್ದರು.

ಅಕ್ಕನ ಸರದಿ ಬಂತು. ಕೊರಳಲ್ಲಿ ಪೆಟ್ಟಿಗೆ. ಮೈಕಿನ ಮುಂದೆ ನಿಂತು ಮೊದಲ ಕೀಲಿ ಒತ್ತಿದಳು. ಡಬ್ಬದ ಗಂಡಸು ಇಡೀ ಸಭಾಂಗಣಕ್ಕೆ ಗದರಿದ: "ನಾನು ಹರಾಜು ಕೂಗುವವಳು. ನಮ್ಮ ಮಾರುಕಟ್ಟೆ ಬಗ್ಗೆ ಹೇಳೋಕೆ ಬಂದಿದ್ದೀನಿ." ಎಲ್ಲೋ ಒಬ್ಬರು ಕಿಸಕ್ಕೆಂದರು. ಅಕ್ಕ ಅವರ ಕಡೆಗೇ ತಿರುಗಿ ಇನ್ನೊಂದು ಕೀಲಿ ಒತ್ತಿದಳು: "ನಗೋದು ಮುಗಿಸಿ, ಆಮೇಲೆ ಶುರು ಮಾಡ್ತೀನಿ." ಆ ಕೀಲಿಯನ್ನು ಯಾವಾಗ ತುಂಬಿಸಿದ್ದಳೋ ನನಗೆ ಗೊತ್ತಿರಲಿಲ್ಲ.

ತುಂಬಿಸಿ ತಂದಿದ್ದನ್ನೆಲ್ಲ ಸರಾಗವಾಗಿ ಹೇಳಿದಳು. ಆಗ ಅಧ್ಯಕ್ಷರು ಪ್ರಶ್ನೆ ಹಾಕಿದರು. "ಅಲ್ಲಮ್ಮ, ಹೊಸ ಕಟ್ಟಡದಲ್ಲಿ ಶೀತಲ ಕೋಣೆ ಇದೆ, ಒಳ್ಳೇ ನೆಲ ಇದೆ, ನೀರಿದೆ. ನಿಮಗೆ ಕಷ್ಟ ಏನು?"

ಇದಕ್ಕೆ ಉತ್ತರ ಯಾವ ಕೀಲಿಯಲ್ಲೂ ಇರಲಿಲ್ಲ. ಅಕ್ಕ ಒಂದೊಂದೇ ಅಕ್ಷರ ಟೈಪ್ ಮಾಡತೊಡಗಿದಳು. ಕೀಲಿಯ ಸದ್ದು ಮೈಕಿನಲ್ಲಿ ಟಕ್ ಟಕ್ ಎಂದು ಕೇಳುತ್ತಿತ್ತು. ಅಧ್ಯಕ್ಷರು ಗಡಿಯಾರ ನೋಡಿದರು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಗುಮಾಸ್ತರು ಆಗಲೇ ಮುಂದಿನವರ ಹೆಸರು ಹುಡುಕುತ್ತಿದ್ದರು.

ಅಧ್ಯಕ್ಷರ ಕಣ್ಣು ನನ್ನ ಮೇಲೆ ಬಿತ್ತು. "ನೀವು ಅವರ ತಂಗಿ ತಾನೆ? ಅವರ ಪರವಾಗಿ ನೀವೇ ಹೇಳಿಬಿಡಿ, ಬೇಗ ಮುಗಿಯುತ್ತೆ."

ನಾನು ಎದ್ದು ನಿಂತೆ. "ನಾನು ಹೇಳಲ್ಲ. ಅವಳು ಹೇಳ್ತಿದಾಳೆ."

"ತಡ ಆಗ್ತಿದೆಯಲ್ಲಮ್ಮ..."

"ಇಷ್ಟು ಹೊತ್ತು ಮಾತಾಡಿದವರಿಗೆ ಮಧ್ಯೆ ನೀರು ಕುಡಿಯೋಕೆ ಬಿಟ್ಟಿದೀರಿ, ಕಾಗದ ಹುಡುಕೋಕೆ ಬಿಟ್ಟಿದೀರಿ. ಅವಳು ಬೆರಳಲ್ಲಿ ಮಾತಾಡೋದು. ಕಾಯಿರಿ."

ಟಕ್ ಟಕ್ ಮುಂದುವರಿಯಿತು. ಗುಮಾಸ್ತರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ಅಕ್ಕ ನನ್ನ ಕಡೆ ನೋಡಲೂ ಇಲ್ಲ, ಅವಳಿಗೆ ಪುರುಸೊತ್ತಿರಲಿಲ್ಲ.

ಆಮೇಲೆ ಪೆಟ್ಟಿಗೆ ಮಾತಾಡಿತು. "ನೆಲ ಚೆನ್ನಾಗಿದೆ. ನಾನು ಹೋಗಿ ನೋಡಿದೀನಿ. ಆದರೆ ನಮ್ಮ ಹತ್ರ ಕೊಳ್ಳೋರು ನಡೆದು ಬರೋರು. ಕೆಲಸಕ್ಕೆ ಹೋಗೋ ಮೊದಲು ಬಂದು ಮೀನು ಮನೆಗೆ ಕೊಟ್ಟು ಹೋಗೋರು. ಊರಾಚೆಗೆ ಮೊದಲ ಬಸ್ಸು ಹೊರಡೋ ಹೊತ್ತಿಗೆ ನಮ್ಮ ಹರಾಜು ಮುಗಿದಿರುತ್ತೆ. ಅಷ್ಟು ಚೆನ್ನಾಗಿರೋ ನೆಲದ ಮೇಲೆ ನಾವು ಯಾರಿಗೆ ಕೂಗೋಣ?"

ಹಿಂದಿನ ಬೆಂಚುಗಳಿಂದ "ಹೌದು, ಹೌದು" ಎಂದು ಕೂಗು ಎದ್ದಿತು. ಅಧ್ಯಕ್ಷರು ಮೇಜು ಕುಟ್ಟಿದರು. ಅಕ್ಕ ಇನ್ನೂ ಟೈಪ್ ಮಾಡುತ್ತಿದ್ದಳು. ಈ ಸಲ ಅವಸರಪಡಿಸಲು ಯಾರೂ ಬಾಯಿ ತೆರೆಯಲಿಲ್ಲ.

"ನೀವು ಯಾವತ್ತಾದ್ರೂ ಬೆಳಿಗ್ಗೆ ನಮ್ಮ ಮಾರುಕಟ್ಟೆಗೆ ಬಂದಿದ್ದೀರಾ?"

ಅಧ್ಯಕ್ಷರು ಎಡಗಡೆ ನೋಡಿದರು, ಬಲಗಡೆ ನೋಡಿದರು. ಸಮಿತಿಯಲ್ಲಿ ಯಾರೂ ಬಂದವರಿಲ್ಲ.

"ಬನ್ನಿ. ನೋಡಿ. ಆಮೇಲೆ ತೀರ್ಮಾನ ಮಾಡಿ."

ಸ್ಥಳಕ್ಕೆ ಬಂದು ನೋಡುವವರೆಗೆ ತೀರ್ಮಾನ ಮುಂದಕ್ಕೆ ಎಂದು ಕಲಾಪದಲ್ಲಿ ಬರೆಸಿದರು. ಗೆದ್ದೆವು ಎನ್ನಲಾರೆ. ಸೋಲಲಿಲ್ಲ.

ಮಾರ್ಚ್ ೨೭, ಗುರುವಾರ

ಅಪ್ಪಣೆ ಮೀರಿದ್ದಕ್ಕೆ ಮ್ಯಾನೇಜರು ಎಚ್ಚರಿಕೆಯ ಪತ್ರ ಕೊಟ್ಟರು. ಅದನ್ನೂ ಅಕ್ಕನ ಪೆಟ್ಟಿಗೆಯನ್ನೂ ಹಿಡಿದುಕೊಂಡು ಮಾಲೀಕರ ಕೋಣೆಗೆ ಹೋದೆ. ಎರಡನ್ನೂ ಮೇಜಿನ ಮೇಲಿಟ್ಟು, ಪತ್ರ ಆಮೇಲೆ ಓದಿ ಸರ್, ಮೊದಲು ಇದನ್ನು ಒತ್ತಿ ಎಂದೆ. ಒತ್ತಿದರು. "ಬೇಗ ಹೇಳಿ, ಐಸು ಕರಗ್ತಿದೆ" ಎಂದು ಗದರಿತು.

"ಇಷ್ಟು ಒರಟಾ?" ಎಂದರು.

"ಹೌದು ಸರ್. ಕೇಳಿಸ್ತಲ್ಲ?"

ಮ್ಯಾನೇಜರನ್ನು ಕರೆಸಿದರು. ಮೂವರೂ ತುಂಬ ಹೊತ್ತು ವಾದ ಮಾಡಿದೆವು. ಹೊಸ ಪೆಟ್ಟಿಗೆ ಮಾಡುವುದು ನಿಂತಿತು, ಅದನ್ನು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ. ಕಾದಿರುವ ಹಳೇ ಗ್ರಾಹಕರಿಗೆಲ್ಲ ಉಗ್ರಾಣದಲ್ಲಿರುವ ಬೋರ್ಡು ಹಾಕಿ ರಿಪೇರಿ ಮಾಡಿಕೊಡಬೇಕು ಎಂದಾಯಿತು. ಶುಕ್ರವಾರ ಪೆಟ್ಟಿಗೆ, ಉಳಿದ ದಿನ ಮೀಟರು. ಎಚ್ಚರಿಕೆಯ ಪತ್ರ ಹಾಗೇ ಉಳಿಯಿತು. ಉಳಿಯಲಿ.

ಏಪ್ರಿಲ್ ೧, ಮಂಗಳವಾರ

ಮೇಷ್ಟರ ಹೆಂಡತಿ ಫೋನು ಮಾಡಿದ್ದರು. ಪೆಟ್ಟಿಗೆ ತಲುಪಿದೆ. ಮಾತಾಡುತ್ತಾ ಅಳುತ್ತಿದ್ದರು, ನಗುತ್ತಲೂ ಇದ್ದರು.

"ಮೊದಲನೇ ಮಾತೇ ಏನಂದ್ರು ಗೊತ್ತಾ? ಕಾಫಿಗೆ ಸಕ್ಕರೆ ಯಾಕೆ ಹಾಕಿಲ್ಲ ಅಂತ. ಡಾಕ್ಟ್ರು ಬೇಡ ಅಂದಿದಾರೆ ಅಂದೆ. ಆ ಡಾಕ್ಟ್ರಿಗೂ ನಾಲ್ಕು ಬೈಗುಳ ಹಾಕಿದ್ರು ನೋಡಮ್ಮ!"

ಏಪ್ರಿಲ್ ೪, ಶುಕ್ರವಾರ

ಸಮಿತಿ ಬೆಳಿಗ್ಗೆ ಬಂತು. ಆಫೀಸಿಗೆ ತಡವಾಗಿ ಬರುತ್ತೇನೆ ಎಂದು ತಿಳಿಸಿ ನಾನೂ ಹೋಗಿದ್ದೆ.

ದೋಣಿಗಳಿಂದ ಬಂದ ಕ್ರೇಟುಗಳು ಹರಾಜು ಕಟ್ಟೆಯ ಸುತ್ತ ರಾಶಿ ಬಿದ್ದಿದ್ದವು. ಕೈಚೀಲ ಹಿಡಿದವರು, ಸೈಕಲ್ಲು ತಳ್ಳಿಕೊಂಡು ಬಂದವರು, ಕಾರ್ಖಾನೆಯ ಅಂಗಿ ತೊಟ್ಟವರು, ಕಾಲಿಡಲು ಜಾಗವಿಲ್ಲ. ಅಕ್ಕ ಕಟ್ಟೆಯ ಮೇಲೆ. ಬೆರಳು ಕೀಲಿಗಳ ಮೇಲೆ ಹಾರುತ್ತಿತ್ತು, ಡಬ್ಬದ ಗಂಡಸು ಬೆಲೆ ಏರಿಸುತ್ತಿದ್ದ, ಕೆಳಗೆ ಕೈಗಳು ಏಳುತ್ತಿದ್ದವು. ಅಧ್ಯಕ್ಷರು ಪ್ಯಾಂಟನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ನೀರು ಹರಿಯುವ ನೆಲದ ನಡುವೆ ನಿಂತು, ಆ ಜನವನ್ನು ಬಾಯಿ ತೆರೆದು ನೋಡುತ್ತಿದ್ದರು. ಅವರ ಹಿಂದಿನಿಂದ ಐಸಿನ ಗಾಡಿ ಬರುತ್ತಿತ್ತು. ತಳ್ಳುವವರು ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಅಕ್ಕ ಹರಾಜು ನಿಲ್ಲಿಸದೆ ಎಡಗೈಯಲ್ಲಿ ಒಂದು ಕೀಲಿ ಒತ್ತಿದಳು.

"ದಾರಿ ಬಿಡಿ!"

ಅಧ್ಯಕ್ಷರು ಬದಿಗೆ ಸರಿದರು.